ಮಗ್ಗುಲಾಗಿ ಮಲಗಿದ ಹಡಗು

ಹೊನ್ನಾವರ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೇತ್ರಾಣಿ ದ್ವೀಪದಲ್ಲಿ ನಾಲ್ಕು ಸಲ ಮುಳುಗಿ ಎದ್ದು, ಸ್ಕೂಬಾ ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಕಾರ್ಡು ಕೈಗೆ ಬಂದ ವಾರದಲ್ಲೇ ನೀನು ಬಾಲಿಗೆ ಟಿಕೆಟ್ ತೆಗೆಸಿದ್ದೀಯೆ ಎಂದು ನಿನ್ನ ಅಮ್ಮ ಫೋನಿನಲ್ಲಿ ದೂರಿದಳು. "ಮುಳುಗಿದ ಹಡಗಿನಲ್ಲಿ ನೋಡುವುದಕ್ಕೆ ಏನಿದೆ ಭಾವ, ನೀವಾದರೂ ಬುದ್ಧಿ ಹೇಳಿ" ಎಂದಳು. ಏನಿದೆ ಎಂಬುದು ನನಗೆ ಗೊತ್ತಿರುವುದರಿಂದ ಹೋಗಬೇಡ ಎನ್ನಲು ನನಗೆ ಬಾಯಿಲ್ಲ. ಒಂದೇ ಮಾತು ನಡೆಸಿಕೊಡು: ಈ ಸಲ ಹಡಗನ್ನು ಹೊರಗಿನಿಂದ ನೋಡು. ಯಾರು ಕರೆದರೂ ಒಳಗೆ ಹೋಗಬೇಡ.

ಇಪ್ಪತ್ತಾರು ವರ್ಷ ಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದವನ ಬಾಯಲ್ಲಿ ಈ ಮಾತೇ ಎಂದು ನಿನಗೆ ಅನ್ನಿಸಬಹುದು. ಕಾರಣ ಬರೆಯುತ್ತೇನೆ. ಇದನ್ನು ನಿನ್ನ ದೊಡ್ಡಮ್ಮನಿಗೂ ಹೇಳಿಲ್ಲ.

ಡೈವಿಂಗ್ ಕಲಿತ ಎರಡನೇ ವರ್ಷ ಒಂದು ಸರಕು ಹಡಗಿನ ಅವಶೇಷಕ್ಕೆ ಇಳಿದಿದ್ದೆ. ಎಲ್ಲಿ ಎಂದು ಹೇಳುವುದಿಲ್ಲ; ಕರೆದುಕೊಂಡು ಹೋದವರು ಈಗಲೂ ಅಂಗಡಿ ನಡೆಸುತ್ತಿದ್ದಾರೆ, ತಪ್ಪು ಅವರಿಗಿಂತ ನನ್ನದೇ ಹೆಚ್ಚು. ಸುಮಾರು ಇಪ್ಪತ್ತು ಮೀಟರ್ ಆಳದಲ್ಲಿ, ಮುಂದಿದ್ದ ಗೈಡ್ ಒಂದು ಕಿಂಡಿಯೊಳಗೆ ನುಸುಳಿದ. ಎಂಜಿನ್ ಕೋಣೆ ತಾನೆ, ನಮ್ಮ ಮನೆಯ ಪಡಸಾಲೆ ಇದ್ದ ಹಾಗೆ ಎಂದುಕೊಂಡು ನಾನೂ ನುಸುಳಿದೆ. ಒಳಗೆ ಹೋದ ಮೇಲೆ ತಲೆಗೆ ಹೊಳೆಯಿತು, ಹಡಗು ಮಗ್ಗುಲಾಗಿ ಮಲಗಿದೆ. ಹತ್ತಬೇಕಾದ ಏಣಿ ಅಡ್ಡಡ್ಡ ಚಾಚಿಕೊಂಡಿದೆ. ಬಾಗಿಲು ಕಾಲ ಕೆಳಗೆ ಬಾವಿಯಂತೆ ಬಾಯಿ ತೆರೆದಿದೆ. ಇಪ್ಪತ್ತಾರು ವರ್ಷ ನಡೆದಾಡಿದಂಥ ನೆಲ ಈಗ ನನ್ನ ಎಡಗಡೆಯ ಗೋಡೆ. ಗಲಿಬಿಲಿಯಲ್ಲಿ ಎರಡು ಸಲ ಕಾಲು ಬಡಿದೆ, ಅಷ್ಟೇ. ಎಷ್ಟೋ ವರ್ಷಗಳಿಂದ ಕೂತಿದ್ದ ಹೂಳು ಎದ್ದುಬಿಟ್ಟಿತು. ಟಾರ್ಚು ಉರಿಯುತ್ತಲೇ ಇತ್ತು, ಆದರೆ ಮಂಜಿನಲ್ಲಿ ಘಟ್ಟ ಇಳಿಯುವ ಲಾರಿಯ ದೀಪದಂತೆ ಬೆಳಕೆಲ್ಲ ನನ್ನ ಮುಖಕ್ಕೇ ಹಿಂತಿರುಗುತ್ತಿತ್ತು. ಉಸಿರು ಬಿಟ್ಟಾಗಲೆಲ್ಲ ಗುಳ್ಳೆಗಳು ಮೇಲಿನ ಕಬ್ಬಿಣಕ್ಕೆ ತಾಗಿ ತುಕ್ಕಿನ ಹಕ್ಕಳೆಗಳು ಉದುರುತ್ತಿದ್ದವು. ಸಿಲಿಂಡರಿನ ತಲೆ ಯಾವುದೋ ಪೈಪಿಗೆ ಬಡಿದು ಠಣ್ ಎಂದಿತು.

ಗೈಡ್ ನನ್ನ ತೋಳನ್ನು ಹುಡುಕಿ ಹಿಡಿದು ಹೊರಗೆ ಎಳೆದ. ಒಳಗಿದ್ದದ್ದು ಮೂರೋ ನಾಲ್ಕೋ ನಿಮಿಷ. ಗೇಜ್ ನೋಡಿದರೆ 50 ಬಾರ್ (ಸಿಲಿಂಡರಿನ ಒತ್ತಡದ ಅಳತೆ) ಗಾಳಿ ಖಾಲಿಯಾಗಿತ್ತು.

ಈಗ ನಿನ್ನ ಹಡಗಿನ ವಿಷಯ. ಬಾಲಿಯ ತುಲಂಬೆನ್ ಊರಿನ ಯುಎಸ್‌ಎಟಿ ಲಿಬರ್ಟಿ, ಅಂದರೆ ಅಮೆರಿಕದ ಸೇನೆಯ ಸಾಗಣೆ ಹಡಗು, ಹೊಸಬರಿಗೆ ಒಳ್ಳೆಯ ಆಯ್ಕೆ. ಇದನ್ನು ನಿನ್ನ ಅಮ್ಮನಿಗೂ ಹೇಳಿದ್ದೇನೆ. ಹೆಸರು ಕೇಳಿ ಅದು ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸಾಲುಸಾಲಾಗಿ ಕಟ್ಟಿ ನೀರಿಗಿಳಿಸಿದ ಲಿಬರ್ಟಿ ಮಾದರಿಯ ಹಡಗು ಎಂದು ಹಲವರು ತಿಳಿಯುತ್ತಾರೆ. ಅಲ್ಲ. ಇದು 1918ರಲ್ಲಿ ನ್ಯೂಜೆರ್ಸಿಯಲ್ಲಿ ಕಟ್ಟಿದ ಹಡಗು. ಯಾರಾದರೂ ತಪ್ಪು ಹೇಳಿದರೆ ದೊಡ್ಡಪ್ಪನ ಪರವಾಗಿ ತಿದ್ದು. 1942ರ ಜನವರಿ 11ರಂದು ಬಾಲಿಯ ಪಕ್ಕದ ಲೊಂಬೊಕ್ ದ್ವೀಪದ ಬಳಿ ಜಪಾನಿನ ಜಲಾಂತರ್ಗಾಮಿಯ ಟಾರ್ಪೆಡೊ ತಗುಲಿತು. ಎರಡು ಯುದ್ಧನೌಕೆಗಳು ಹಗ್ಗ ಕಟ್ಟಿ ಬಾಲಿಯ ಉತ್ತರದ ಬಂದರಿಗೆ ಎಳೆದುಕೊಂಡು ಹೊರಟವು. ದಾರಿಯಲ್ಲೇ ನೀರು ತುಂಬುತ್ತಾ ಬಂದದ್ದರಿಂದ ತುಲಂಬೆನ್ ದಡಕ್ಕೆ ತಂದು ಹತ್ತಿಸಿದರು. ಇಪ್ಪತ್ತೊಂದು ವರ್ಷ ಅದು ದಡದಲ್ಲೇ ಬಿದ್ದಿತ್ತು. 1963ರಲ್ಲಿ ಆಗುಂಗ್ ಜ್ವಾಲಾಮುಖಿ ಸಿಡಿದಾಗ ನೆಲ ನಡುಗಿ, ಹಡಗು ಜಾರಿ ಸಮುದ್ರ ಸೇರಿತು. ಈಗ ದಡಕ್ಕೆ ಸಮಾನಾಂತರವಾಗಿ, ಅದೂ ಮಗ್ಗುಲಾಗಿಯೇ ಮಲಗಿದೆ. ಉದ್ದ ಸುಮಾರು 120 ಮೀಟರ್. ಮೇಲಿನ ಅಂಚು 5 ಮೀಟರ್ ಆಳದಲ್ಲಿದ್ದರೆ ಕೆಳಗಿನದು 30ರ ಹತ್ತಿರ. ನಿನ್ನ ಕಾರ್ಡಿನ ಮಿತಿ 18 ಮೀಟರ್. ಅಷ್ಟರೊಳಗೇ ಕಣ್ಣು ತುಂಬುವಷ್ಟು ಸಿಗುತ್ತದೆ.

ಹಡಗು ಅಲ್ಲಲ್ಲಿ ಒಡೆದು ತೆರೆದುಕೊಂಡಿರುವುದರಿಂದ ಬಿಸಿಲು ಒಳಗೆಲ್ಲ ಬೀಳುತ್ತದೆ. ಮೋಸ ಇರುವುದು ಅಲ್ಲೇ. "ಇದೇನು ಒಳಗೆ ಹೋಗುವುದಲ್ಲ, ಹೀಗೆ ಹೊಕ್ಕು ಹಾಗೆ ಹೊರಬರುವುದು" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗ ನೀನು ತಲೆ ಎತ್ತಿ ನೋಡು. ನೇರ ಮೇಲೆ ನೀರು ಕಂಡರೆ ಹೊರಗಿದ್ದೀಯೆ, ಕಬ್ಬಿಣ ಕಂಡರೆ ಒಳಗಿದ್ದೀಯೆ. ಒಳಗೆ ಹೋಗುವುದಕ್ಕೆ ಬೇರೆಯೇ ತರಬೇತಿ ಇದೆ: ದಾರ ಬಿಡುತ್ತಾ ಹೋಗುವುದು, ಗಾಳಿಯಲ್ಲಿ ಮೂರನೇ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಉಳಿದದ್ದು ಆಪತ್ತಿಗೆ. ಮುಂದೆ ಕಲಿಯುವೆಯಂತೆ.

ಗಾಳಿಯ ಲೆಕ್ಕವನ್ನು ಮಾತ್ರ ಹೊರಡುವ ಮೊದಲೇ ಕಾಗದದ ಮೇಲೆ ಒಮ್ಮೆ ಮಾಡು. ನಿನ್ನ ಸಿಲಿಂಡರಿನ ಗಾತ್ರ 11 ಲೀಟರ್, 200 ಬಾರ್ ತುಂಬಿದರೆ ಸುಮಾರು 2200 ಲೀಟರ್ ಗಾಳಿ. 50 ಬಾರ್ ಮುಟ್ಟಬಾರದ ಗಂಟು ಎಂದು ತೆಗೆದಿಟ್ಟರೆ ಉಳಿಯುವುದು 1650. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವಳಿಗೆ, ಆಳದ ಒತ್ತಡದಿಂದಾಗಿ, 10 ಮೀಟರಿನಲ್ಲಿ ಅದರ ಎರಡರಷ್ಟು ಬೇಕು, 18 ಮೀಟರಿನಲ್ಲಿ 2.8ರಷ್ಟು. ಅಂದರೆ 10ರಲ್ಲಿ ನಲವತ್ತು ನಿಮಿಷ ಬರುವ ಸಿಲಿಂಡರ್ 18ರಲ್ಲಿ ಅರ್ಧ ಗಂಟೆಯೂ ಬರುವುದಿಲ್ಲ. ಹೆದರಿಕೆಯ ಬಾಬತ್ತು ಈ ಲೆಕ್ಕದಲ್ಲಿ ಸೇರಿಲ್ಲ. ಅದಕ್ಕೇ ನನ್ನ 50 ಬಾರ್ ಕತೆ ಹೇಳಿದ್ದು.

ಬಾಲಿಗೆ ಹೋಗುವ ಮುಂಚೆ ಮುರುಡೇಶ್ವರಕ್ಕೆ ಇನ್ನೊಮ್ಮೆ ಬಾ. ಮಳೆಗಾಲಕ್ಕೆ ಮೊದಲು ಎರಡು ದಿನ ದೋಣಿ ಸಿಕ್ಕರೆ ಸಾಕು. ಮೀನು ನೋಡುವುದನ್ನು ಬಿಟ್ಟು, ಒಂದು ಬಂಡೆಯ ಮೇಲೆ ಗೇಣುದ್ದ ಎತ್ತರದಲ್ಲಿ, ಕೈಕಾಲು ಆಡಿಸದೆ, ಐದು ನಿಮಿಷ ನಿಲ್ಲುವುದನ್ನು ಕಲಿ. ಉಸಿರು ಎಳೆದಾಗ ಕೊಂಚ ಏರುತ್ತೀಯೆ, ಬಿಟ್ಟಾಗ ಇಳಿಯುತ್ತೀಯೆ. ಬಿಸಿಡಿಯ (ಗಾಳಿ ತುಂಬಿ ತೇಲಿಸುವ ಜಾಕೆಟ್ಟಿನ) ಗುಂಡಿ ಮುಟ್ಟಬೇಡ. ಆಮೇಲೆ ಕಪ್ಪೆ ಈಜಿದ ಹಾಗೆ ಮೊಣಕಾಲು ಮಡಚಿ ನೀರನ್ನು ಹಿಂದಕ್ಕೆ ತಳ್ಳುವುದು ರೂಢಿಯಾಗಲಿ. ನೀನು ಕಾಲನ್ನು ಮೇಲೆ ಕೆಳಗೆ ಬಡಿಯುವುದನ್ನು ನಿನ್ನ ವಿಡಿಯೊದಲ್ಲಿ ನೋಡಿದೆ, ಒಗೆಯುವ ಕಲ್ಲಿಗೆ ಬಟ್ಟೆ ಬಡಿದ ಹಾಗಿತ್ತು. ಹಾಗೆ ಬಡಿದರೆ ಹೂಳೂ ಏಳುತ್ತದೆ, ಹಡಗಿಗಂಟಿದ ಹವಳವೂ ಮುರಿಯುತ್ತದೆ.

ತೂಕದ ಬೆಲ್ಟನ್ನೂ ಸರಿಯಾಗಿ ನೋಡಿಕೋ. ಗಾಳಿಗೂ ತೂಕವಿದೆ, ಡೈವ್ ಮುಗಿಯುವ ಹೊತ್ತಿಗೆ ಸಿಲಿಂಡರ್ ಎರಡು ಕಿಲೋ ಹಗುರವಾಗಿರುತ್ತದೆ. ಆರಂಭದಲ್ಲಿ ಸರಿಯಾಗಿತ್ತು ಎಂದುಕೊಂಡವರು ಕೊನೆಯಲ್ಲಿ, ಮೇಲೆ ಬರುವ ಮೊದಲು ಸುರಕ್ಷತೆಗೆಂದು 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಲಾಗದೆ ಬೂಚಿನಂತೆ ಮೇಲೆ ತೇಲುತ್ತಾರೆ.

ತುಲಂಬೆನ್ನಿನಲ್ಲಿ ದೋಣಿ ಬೇಕಾಗಿಲ್ಲ, ದಡದಿಂದಲೇ ನಡೆದು ಇಳಿಯುತ್ತಾರೆ. ಊರಿನ ಹೆಂಗಸರು ಸಿಲಿಂಡರುಗಳನ್ನು ತಲೆಯ ಮೇಲೆ ಹೊತ್ತು, ಚಪ್ಪಲಿಯಲ್ಲೇ, ಗುಂಡುಗಲ್ಲಿನ ಮೇಲೆ ಸಲೀಸಾಗಿ ನಡೆಯುತ್ತಾರೆ. ಅವರನ್ನು ನೋಡಿ ನಿನಗೂ ಸುಲಭವೆನಿಸಬೇಡ. ಅಲೆ ಹಿಂದೆ ಸರಿಯುವಾಗ ಆ ಕರಿಕಲ್ಲುಗಳು ಕಾಲ ಕೆಳಗೆ ಉರುಳುತ್ತವೆ. ಎಷ್ಟೋ ಜನ ಬೀಳುವುದು ಹಡಗಿನ ಬಳಿಯಲ್ಲ, ಮೊಣಕಾಲುದ್ದ ನೀರಿನಲ್ಲಿ. ಉಸಿರಾಡುವ ರೆಗ್ಯುಲೇಟರ್ ಬಾಯಲ್ಲಿರಲಿ, ಸೊಂಟದ ನೀರಿಗೆ ಬಂದ ಮೇಲೆ ಜೊತೆಗಾರನ ಭುಜ ಹಿಡಿದು ಕಾಲಿಗೆ ಫಿನ್ (ಈಜುರೆಕ್ಕೆ) ಹಾಕಿಕೋ. ಬೆಳಿಗ್ಗೆ ಬೇಗ ಇಳಿಯಿರಿ. ಬಿಸಿಲೇರಿದರೆ ದಕ್ಷಿಣದ ಊರುಗಳಿಂದ ಬಸ್ಸುಗಟ್ಟಲೆ ಜನ ಬರುತ್ತಾರೆ.

ಯಾವುದನ್ನೂ ಮುಟ್ಟಬೇಡ. ಕಲ್ಲಿನಂತೆ ಕಾಣುವುದೆಲ್ಲ ಕಲ್ಲಲ್ಲ, ಮುಳ್ಳಿನಲ್ಲಿ ವಿಷ ಇಟ್ಟುಕೊಂಡ ಮೀನೂ ಇರುತ್ತದೆ. ಕಬ್ಬಿಣದ ಅಂಚು ಬ್ಲೇಡಿನಂತಿರುತ್ತದೆ, ಟೆಟನಸ್ ಚುಚ್ಚುಮದ್ದಿನ ದಿನಾಂಕ ನೋಡಿಕೋ. ತುಂಡು ಬಲೆ, ಗಾಳದ ದಾರ ಸಿಕ್ಕಿಕೊಂಡರೆ ಕತ್ತರಿಸಲು ಚಿಕ್ಕ ಕಟರ್ ಒಂದು ಎರಡೂ ಕೈಗೆ ಎಟಕುವ ಜಾಗದಲ್ಲಿರಲಿ. ಡೈವಿಂಗ್ ವಿಮೆ ಮಾಡಿಸು. ಪ್ರವಾಸದ ವಿಮೆಯಲ್ಲಿ ಡೈವಿಂಗ್ ಸೇರಿದೆ ಎಂದು ಊಹಿಸಬೇಡ, ಓದಿ ನೋಡು. ಕೊನೆಯ ಡೈವ್ ಆಗಿ 18 ಗಂಟೆ ಕಳೆಯದೆ ವಿಮಾನ ಹತ್ತಬಾರದು ಎಂದು ನಿನಗೆ ಕಲಿಸಿದ್ದಾರೆ. ಕಲಿಸದೆ ಇರಬಹುದಾದದ್ದು: ಅದೇ ದಿನ ಬಾಲಿಯ ಬೆಟ್ಟದ ಮೇಲಿನ ಕಿಂತಾಮಣಿ ನೋಡೋಣವೆಂದು ಟ್ಯಾಕ್ಸಿಯವನು ಬೆಟ್ಟದ ದಾರಿ ಹಿಡಿದರೂ ಅಪಾಯವೇ, ಅದೂ ಎತ್ತರವೇ. ಕರಾವಳಿಯ ರಸ್ತೆಯಲ್ಲೇ ಹಿಂತಿರುಗಿ. (ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿಯೇ ಎಂದು ನಿನ್ನ ದೊಡ್ಡಮ್ಮ ಕೇಳಿದಳು.)

ನನ್ನ ಹಳೆಯ ಟಾರ್ಚನ್ನು ನಾಳೆ ಬೆಂಗಳೂರಿಗೆ ಹೊರಡುವವರ ಕೈಯಲ್ಲಿ ಕಳಿಸುತ್ತಿದ್ದೇನೆ. ಕಿಂಡಿಗಳ ಹೊರಗೆ ನಿಂತು ಒಳಗೆ ಬೆಳಕು ಬಿಟ್ಟು ನೋಡು, ಎಷ್ಟು ಹೊತ್ತು ಬೇಕಾದರೂ. ನೀರು ನುಗ್ಗದಂತೆ ತಡೆಯುವ ರಬ್ಬರ್ ಬಳೆ, ಓ-ರಿಂಗ್, ಹೊಸದು ಹಾಕಿ ಗ್ರೀಸ್ ಸವರಿದ್ದೇನೆ. ಬ್ಯಾಟರಿ ಬೇರೆ ಡಬ್ಬಿಯಲ್ಲಿದೆ, ಅದನ್ನು ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೋ.

ಇತಿ ನಿನ್ನ
ದೊಡ್ಡಪ್ಪ