ಕಪ್ಪು ಒಂದು

ಲೋ ಮಗಾ,

ನಿಂಗೊಬ್ಬನಿಗೇ ವಾಟ್ಸಾಪ್ ಮಾಡ್ಬೋದಿತ್ತು, ಆದ್ರೆ ನಮ್ಮ ನಾಟಕದ ಹುಡುಗ್ರೂ ಓದ್ಲಿ ಅಂತ ಎಲ್ರಿಗೂ ಕಾಣೋ ಹಂಗೆ ಹಾಕ್ತಿದೀನಿ. ನಿಂಬೆಹಣ್ಣಿನ ವಿಷಯ ಎತ್ತಲ್ಲ, ಹೆದರ್ಬೇಡ.

ಮೊನ್ನೆ ಪೇಂಟ್ ಅಂಗಡೀಲಿ ಗಿರಾಕಿ ಇರ್ಲಿಲ್ಲ, ಟಿಂಟಿಂಗ್ ಮೆಷಿನ್ ಪಕ್ಕ ಕೂತು ಫೋನಲ್ಲಿ ಒಂದು ಪೇಂಟಿಂಗ್ ನೋಡ್ದೆ. ಆಸ್ಟ್ರೇಲಿಯಾದ ರಾಯ್ ಡಿ ಮೇಸ್ತ್ರ್ (ಹೂಂ, ಹೆಸರಲ್ಲೇ ಮೇಷ್ಟ್ರು) 1919ರಲ್ಲಿ ಮಾಡಿದ್ದು, 'ರಿದಮಿಕ್ ಕಾಂಪೋಸಿಷನ್ ಇನ್ ಯೆಲ್ಲೋ ಗ್ರೀನ್ ಮೈನರ್'. ಮರ ಇಲ್ಲ, ಮನೆ ಇಲ್ಲ, ಮನುಷ್ಯ ಇಲ್ಲ, ಬರೀ ಬಾಗಿ ಬಳುಕೋ ಬಣ್ಣ. ಆತ ಪಿಟೀಲು, ವಯೋಲಾ ಕಲ್ತಿದ್ದೋನು. ಪಾಶ್ಚಾತ್ಯ ಸಂಗೀತದ ಏಳು ಸ್ವರಕ್ಕೆ ಏಳು ಬಣ್ಣ ಕೊಟ್ಟಿದ್ದ: ಎ ಕೆಂಪು, ಬಿ ಕಿತ್ತಳೆ, ಸಿ ಹಳದಿ, ಡಿ ಹಸಿರು, ಹಿಂಗೇ ಜಿ ನೇರಳೆವರ್ಗೂ. ಒಂದು ಬಣ್ಣನ ಶ್ರುತಿ ಅಂತ ಹಿಡಿದ್ರೆ ಮಿಕ್ಕಿದ್ದೆಲ್ಲ ಅದರ ಸ್ಕೇಲಲ್ಲೇ ಬರ್ಬೇಕು. ಯುದ್ಧದಲ್ಲಿ ಮನಸ್ಸು ಕದಡಿ ಬಂದ ಸೈನಿಕರ ವಾರ್ಡುಗಳ ಬಣ್ಣದ ಕೆಲಸಾನೂ ಮಾಡಿದ್ದ. ಹತ್ತು ವರ್ಷದಿಂದ ಶೇಡ್ ಕಾರ್ಡ್ ಹಿಡ್ಕೊಂಡು "ಈ ಗೋಡೆಗೆ ಇದು ಹೊಂದತ್ತೆ ಸಾರ್" ಅಂತಿದೀನಲ್ಲ, ಯಾಕೆ ಹೊಂದತ್ತೆ ಅಂತ ನಂಗೆ ಯಾರೂ ಹಿಂಗೆ ಹೇಳಿರ್ಲಿಲ್ಲ ಕಣೋ.

ಆಮೇಲೆ ಬೆರಳಲ್ಲಿ ಎಣಿಸ್ದೆ. ಹಳದಿ ಹಸಿರು ಅಂದ್ರೆ ಸಿಗೂ ಡಿಗೂ ಮಧ್ಯ. ಹಾರ್ಮೋನಿಯಂ ಮೇಲೆ ಅದು ಕಪ್ಪು ಒಂದು, ಅಂದ್ರೆ ಮೊದಲ್ನೇ ಕಪ್ಪು ಮನೆ.

ಅಪ್ಪನ ಶ್ರುತಿ.

ರಾತ್ರಿಯೆಲ್ಲ ಕುರುಕ್ಷೇತ್ರ ನಾಟಕಕ್ಕೆ ತಿದಿ ಒತ್ತುತ್ತಾ "ಕಪ್ಪು ಒಂದಕ್ಕೆ ಬಾರೋ" ಅಂತ ದುರ್ಯೋಧನನ್ನೇ ಗದರ್ತಿದ್ರಲ್ಲ. ನಮ್ಮೋರು ಶ್ರುತಿ ಹೇಳೋದೇ ಬಣ್ಣದಲ್ಲಿ, ಕಪ್ಪು ಒಂದು, ಬಿಳಿ ನಾಲ್ಕು, ಅದು ಇಷ್ಟು ವರ್ಷ ನನ್ನ ತಲೆಗೇ ಹೊಳೆದಿರ್ಲಿಲ್ಲ.

ಮಗಾ, ಅಪ್ಪನ ಆ ಹಾರ್ಮೋನಿಯಂ ಪೆಟ್ಟಿಗೆಗೆ ಗೆದ್ದಲು ಹಿಡೀತು ಅಂದಿದ್ನಲ್ಲ ನಿಂಗೆ, ಸುಳ್ಳು. ಮಾರ್ಬಿಟ್ಟೆ. ದುಡ್ಡಿಗೋಸ್ಕರ ಅಲ್ಲ. ಅಪ್ಪ ಹೋಗಿ ಎರಡು ತಿಂಗಳಿಗೆ ಒಂದು ಸಂಜೆ ಸುಮ್ನೆ ತಿದಿ ಎಳೆದು ಕಪ್ಪು ಒಂದು ಒತ್ತಿದೆ, ಒತ್ತಿದ್ದೇ ತಡ ಅಡುಗೆಮನೆಯಿಂದ ಅಮ್ಮ "ಬಂದ್ರಾ?" ಅಂದ್ಲು. ಮಾರನೇ ದಿನಾನೇ ಸಾಗಿಸ್ದೆ. ಎಲ್ಲೋಯ್ತು ಅಂತ ಅಮ್ಮ ಇವತ್ತಿನವರ್ಗೂ ಕೇಳಿಲ್ಲ, ನಾನೂ ಹೇಳಿಲ್ಲ, ಆ ಮೂಲೆ ಹಂಗೇ ಖಾಲಿ ಇದೆ, ಅಲ್ಲಿ ಏನೂ ಇಡಲ್ಲ ಅವಳು.

ಇಷ್ಟು ಬರೀಬೇಕು ಅಂತ ಕೂತಿರ್ಲಿಲ್ಲ. ಬಿಡು. ಭಾನುವಾರ ಬೆಳಿಗ್ಗೆ ಕ್ಯಾತ್ಸಂದ್ರಕ್ಕೆ ಬಾ, ತಟ್ಟೆ ಇಡ್ಲಿ ನನ್ನ ಲೆಕ್ಕ, ಚಟ್ನಿ ಎರಡನೇ ಸಲ ಕೇಳೋದು ಮಾತ್ರ ನೀನೇ. ಆಮೇಲೆ ಸೀದಾ ಮನೆಗೆ ಹೋಗೋಣ. ನಿನ್ನ ಪೆಟ್ಟಿಗೆ ತಗೊಂಡೇ ಬಾ. ಶೇಡ್ ಕಾರ್ಡ್ ನಾನು ತರ್ತೀನಿ.