ಕತ್ತರಿ ತೊಳೆಯುವುದನ್ನು ಕಲಿಸಿದವರಿಗೆ

ನೆದರ್‌ಲ್ಯಾಂಡ್ಸ್‌ನ ಟೊಮೆಟೊ ಗಾಜಿನಮನೆಗಳಲ್ಲಿ ಬೇಸಿಗೆಯ ತರಬೇತಿ ಮುಗಿಸಿ ನಮ್ಮ ತಂಡ ರಾಣೆಬೆನ್ನೂರಿಗೆ ಮರಳಿದೆ. ನೆರವಾದ ಎಲ್ಲರಿಗೂ ಶರಣು.

ಮೊದಲ ವಂದನೆ ಇಲ್ಲಿಯ ಬಲೆ ಹೊದಿಸಿದ ನೆಟ್‌ಹೌಸ್‌ಗಳಲ್ಲಿ ಕ್ರಾಸಿಂಗ್, ಅಂದರೆ ಬೀಜಕ್ಕಾಗಿ ಕೈಯಿಂದಲೇ ಒಂದು ಗಿಡದ ಪರಾಗವನ್ನು ಇನ್ನೊಂದರ ಹೂವಿಗೆ ಮುಟ್ಟಿಸುವ ಕೆಲಸ, ಮಾಡುವ ಅಕ್ಕಂದಿರಿಗೆ. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಗುರುತಿಸಬೇಕು, ಒಳಗಿನ ಶಲಾಕೆಗೆ (ಹೂವಿನ ಹೆಣ್ಣು ಭಾಗಕ್ಕೆ) ಪೆಟ್ಟಾಗದಂತೆ ಚಿಮಟದಿಂದ ಕೇಸರ (ಗಂಡು ಭಾಗ) ತೆಗೆಯಬೇಕು, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸಿ ಗುರುತಿಗೆ ಹೂವಿನ ಬುಡದ ಎರಡು ಹಸಿರೆಸಳು ಕತ್ತರಿಸಬೇಕು. ಈ ಕೈಹದ ಅವರಿಂದ ಬಂದದ್ದು. ಗಿಡ ಮುಟ್ಟುವ ಅಂಜಿಕೆ ಹೋದದ್ದು ಅದರಿಂದಲೇ.

ನೆದರ್‌ಲ್ಯಾಂಡ್ಸ್‌ನ ಮೇಲ್ವಿಚಾರಕರು ಕಲಿಸಿದ್ದರಲ್ಲಿ ನಮ್ಮೂರಿಗೆ ಎಲ್ಲಕ್ಕಿಂತ ಬೇಕಾದದ್ದು ಕೈ ಶುಚಿ. ಟೊಮೆಟೊ ಬ್ರೌನ್ ರುಗೋಸ್ ಫ್ರೂಟ್ ವೈರಸ್ 2014ರಲ್ಲಿ ಇಸ್ರೇಲ್‌ನಲ್ಲಿ ಕಾಣಿಸಿಕೊಂಡು 2019ರಲ್ಲಿ ನೆದರ್‌ಲ್ಯಾಂಡ್ಸ್‌ಗೂ ತಲುಪಿತು. ಎಲೆ ಚುಕ್ಕೆಚುಕ್ಕೆಯಾಗಿ ಸಪೂರಾಗುತ್ತದೆ, ಹಣ್ಣಿನ ಮೇಲೆ ಹಳದಿ ಕಲೆ, ಕಂದು ಸುಕ್ಕು ಏಳುತ್ತವೆ. ಇದಕ್ಕೆ ಔಷಧವಿಲ್ಲ. ಕೈ, ಕತ್ತರಿ, ಅಂಗಿ, ಮೊಬೈಲ್ ಮೂಲಕ ಗಿಡದಿಂದ ಗಿಡಕ್ಕೆ ಹೋಗುತ್ತದೆ, ಬೀಜದ ಸಿಪ್ಪೆಯಲ್ಲೂ ಕೂತಿರುತ್ತದೆ. ಒಂದೊಂದು ಹೂವನ್ನೂ ಬೆರಳಿಂದ ಮುಟ್ಟಿ ಬೀಜ ಮಾಡುವ ನಮ್ಮ ಸೀಮೆಗೆ ಇದಕ್ಕಿಂತ ದೊಡ್ಡ ಭಯ ಬೇರೆ ಇಲ್ಲ.

ಕ್ರಮ ಹೀಗಿದೆ: ಮೊದಲು ಸಬೂನಿನಿಂದ ಕೈ ತಿಕ್ಕಿ ತೊಳೆಯಬೇಕು. ಅಂಟಿದ ಗಿಡದ ರಸ ಹೋಗದಿದ್ದರೆ ಮುಂದಿನದೆಲ್ಲ ವ್ಯರ್ಥ. ಆಮೇಲೆ ಲೀಟರ್ ನೀರಿಗೆ 200 ಗ್ರಾಂ ಕೆನೆರಹಿತ ಹಾಲಿನ ಪುಡಿ ಕಲಸಿ ಕೈ, ಕತ್ತರಿ ಅದ್ದಬೇಕು. ಹಾಲಿನ ಪ್ರೋಟೀನ್ ವೈರಸ್ಸಿಗೆ ಅಂಟಿಕೊಂಡು ಅದರ ಆಟ ನಿಲ್ಲಿಸುತ್ತದೆ. ಆದರೆ ಹಾಲು ನಮ್ಮ ಬಿಸಿಲಿಗೆ ಬೇಗ ಹುಳಿಯುತ್ತದೆ, ಆದ್ದರಿಂದ ದಿನಾ ಹೊಸದಾಗಿ ಕಲಸಿರಿ. ಕೆಳಗಿನ ಎಲೆ ಬೆಳಿಗ್ಗೆಯೇ ತೆಗೆಯಿರಿ. ಸಂಜೆ ತೆಗೆದರೆ ಗಾಯ ಆರುವುದಿಲ್ಲ, ಬೂದು ಬೂಷ್ಟು ಹಿಡಿಯುತ್ತದೆ.

ಮುಂದಾಳತ್ವದ ಪಾಠವೂ ಅದೇ ಬಕೆಟ್ಟಿನ ಪಕ್ಕದಲ್ಲೇ ಸಿಕ್ಕಿತು. ಸಾಲಿಗೆ ಇಳಿಯುವ ಮೊದಲು ಮೇಲ್ವಿಚಾರಕರೇ ಎಲ್ಲರ ಮುಂದೆ ಕೈ ತೊಳೆಯುತ್ತಾರೆ. ಬೆಳಿಗ್ಗೆ ಹತ್ತು ನಿಮಿಷ ನಿಂತೇ ಮಾತು: ಯಾರಿಗೆ ಯಾವ ಸಾಲು, ನಿನ್ನೆ ಏನು ಕಂಡಿತು. ಒಬ್ಬರಿಗೆ ದಿನಾ ಅವವೇ ಸಾಲು, ಹಾಗಾಗಿ ರೋಗ ಬಂದರೂ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ತಿಳಿಯುತ್ತದೆ. ಸಂಶಯದ ಗಿಡ ಕಂಡರೆ ಮುಟ್ಟಬಾರದು. ಸಾಲಿನ ತಂತಿಗೆ ರಿಬ್ಬನ್ ಕಟ್ಟಿ ಹೇಳಬೇಕು. ಹೇಳಿದವರಿಗೆ ಬೈಗುಳವಿಲ್ಲ. ಒಮ್ಮೆ ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ, ಗೊತ್ತಾಗುವಷ್ಟರಲ್ಲಿ ಸಾಲೇ ಹೋಗಿರುತ್ತದೆ.

ಇದನ್ನೆಲ್ಲ ಕೇಳಿ ಬಾಗಿಲಲ್ಲಿ ಸಬೂನು, ಬಕೆಟ್ಟು ಇಡಲು ಒಪ್ಪಿದ ನೆಟ್‌ಹೌಸ್ ಮಾಲೀಕರಿಗೂ ಮನಸಾರೆ ವಂದನೆ. ಅವರಲ್ಲಿ ಒಂದೇ ಕೇಳಿಕೆ: ಅಕ್ಕಂದಿರು ಕೈ ತೊಳೆಯುವ ಹೊತ್ತನ್ನೂ ಕೂಲಿಯ ಹೊತ್ತಿನಲ್ಲೇ ಹಿಡಿಯಿರಿ.