ಮಾಜಿ ಯೋಧರಿಗೆ ಒಡನಾಡಿಗಳ ಆಸರೆ ಬೇಕು

ಮಾನ್ಯರೇ,

ಪಟಾಕಿ ಸದ್ದಿಗೆ ಬೆಚ್ಚುವ, ರಾತ್ರಿಯಿಡೀ ನಿದ್ದೆಯಿಲ್ಲದೆ ಜಗಲಿಯಲ್ಲಿ ಕೂರುವ ನಿವೃತ್ತ ಯೋಧರು ಕೊಡಗಿನಂತಹ ಸೈನಿಕರ ನಾಡಿನಲ್ಲೂ ಅದನ್ನು ಕಾಯಿಲೆಯೆಂದು ಹೇಳಿಕೊಳ್ಳಲು ಹಿಂಜರಿಯುತ್ತಾರೆ. ವಿಯೆಟ್ನಾಂನಿಂದ ಮರಳಿದ ಅಮೆರಿಕದ ಸೈನಿಕರು 1970ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ತಾವೇ ಗುಂಪುಗೂಡಿ ನೋವು ಹಂಚಿಕೊಳ್ಳತೊಡಗಿದರು. ಆ ಮಾತುಕತೆಗಳ ಒತ್ತಾಸೆಯೂ ಸೇರಿ, 1980ರಲ್ಲಿ ಪಿಟಿಎಸ್‌ಡಿ (ಭೀಕರ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಅಲ್ಲಿನ ಮನೋವೈದ್ಯರ ಅಧಿಕೃತ ರೋಗಪಟ್ಟಿಗೆ ಸೇರಿತು. ವೈದ್ಯರ ಮುಂದೆ ಬಾಯಿಬಿಡದವರೂ ತಮ್ಮಂತೆ ಯುದ್ಧ ಕಂಡವರೆದುರು ಮನಸ್ಸು ಬಿಚ್ಚಬಲ್ಲರು ಎಂಬ ಭರವಸೆ ಇದರಲ್ಲಿದೆ.

ನಮ್ಮಲ್ಲಿ ಮಾನಸಿಕ ಆರೋಗ್ಯಕ್ಕಾಗಿ ಇರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ (14416) ಕನ್ನಡದಲ್ಲೂ ಲಭ್ಯವಿರುವುದು ಸ್ವಾಗತಾರ್ಹ. ಜೊತೆಗೆ, ಪಿಂಚಣಿ, ಕ್ಯಾಂಟೀನ್ ವಿಚಾರಗಳಿಗೆ ಸಭೆ ಸೇರುವ ಮಾಜಿ ಸೈನಿಕರ ಸಂಘಗಳು ತಿಂಗಳಿಗೊಮ್ಮೆ ಇಂತಹ ಮಾತುಕತೆಗೂ, ಪತ್ನಿಯರನ್ನೂ ಕರೆದು, ಸಮಯ ಮೀಸಲಿಡಲಿ. ಸೈನಿಕ ಕಲ್ಯಾಣ ಇಲಾಖೆ ಅದಕ್ಕೆ ತರಬೇತಾದ ಆಪ್ತಸಮಾಲೋಚಕರನ್ನು ಒದಗಿಸಲಿ.

— ಮಾಜಿ ಸೈನಿಕರೊಬ್ಬರ ಮಗಳು, ಮಡಿಕೇರಿ